ಮೇಕೆ ಹೋಗಿ ಹಂದಿ ಬಂತು

ಪರೀಕ್ಷೆ ಮುಗಿದ ಮೇಲೆ ಫಲಿತಾಂಶ ಓದುವ ದಿನದ ತನಕ ನಮ್ಮ ಸಂತ ಮಥಿಯಾಸ್ ಕಥೋಲಿಕ್ ಪ್ರಾಥಮಿಕ ಶಾಲೆಯಲ್ಲಿ ಯಾರೂ ಏನೂ ಕಲಿಯುವುದಿಲ್ಲ. ಹಾಗೆಂದರೆ ಉಳಿದ ದಿನಗಳಲ್ಲಿ ಕಲಿಯುತ್ತಾರೆ ಎಂದು ತಿಳಿಯಬೇಡಿ. ಜೂನ್ ತಿಂಗಳಲ್ಲಿ ಕಲಿಯದೆ ಇರುವುದಕ್ಕೆ ಇಲಾಖೆಯ ಒಪ್ಪಿಗೆಯೂ ಇರುತ್ತದೆ, ಅಷ್ಟೇ ವ್ಯತ್ಯಾಸ. ಮಕ್ಕಳು ಅಂಗಳದ ಹುಲ್ಲು ಸವರಲೆಂದು ಮನೆಯಿಂದ ಮಚ್ಚು ತಂದು ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುತ್ತಾರೆ. ನಾವು ಟೀಚರುಗಳು ಒಳಗೆ ಕೂತು ಅಂಕ ಕೂಡಿಸುತ್ತೇವೆ, ಸಾಲದಿದ್ದರೆ ಇನ್ನೊಮ್ಮೆ ಕೂಡಿಸುತ್ತೇವೆ. ವರ್ಷವಿಡೀ ಮುಖ ತೋರಿಸದ ತಾಯಂದಿರು ತಲೆಯ ಮೇಲೆ ಬಾಳೆಗೊನೆ ಹೊತ್ತು, "ಸುಮ್ನೆ ಈ ಕಡೆ ಬಂದಿದ್ದೆ ಇಬು ಲೋನಿ, ಹಾಗೇ ನೋಡ್ಕೊಂಡು ಹೋಗೋಣ ಅಂತ" ಎನ್ನುತ್ತಾ ಬರುತ್ತಾರೆ. ನಮ್ಮ ಫ್ಲೋರೆಸ್ ದ್ವೀಪದಲ್ಲಿ ಗೌರವಕ್ಕೆ ಹೆಂಗಸರನ್ನು ಇಬು, ಗಂಡಸರನ್ನು ಪಾಕ್ ಎನ್ನುತ್ತೇವೆ. ನಾನು ಮೂರು ಮತ್ತು ನಾಲ್ಕನೇ ಕ್ಲಾಸಿನ ಟೀಚರು. ಎರಡು ಕ್ಲಾಸು ಎಂದರೆ ಗೊನೆಯೂ ಎರಡು ಪಟ್ಟು. ಲೆಕ್ಕ ಬಾರದ ಮಗುವಿನ ಮನೆಯ ಗೊನೆ ಯಾವಾಗಲೂ ದೊಡ್ಡದು.

ಹೆಡ್ ಮಾಸ್ಟರ್ ಪಾಕ್ ಗೌದೆನ್ಸಿಯುಸ್, ನಮ್ಮೆಲ್ಲರ ಬಾಯಲ್ಲಿ ಪಾಕ್ ಗೌದೆನ್ಸ್, ಮಾತ್ರ ಬಾಳೆಹಣ್ಣು ಮುಟ್ಟುವುದಿಲ್ಲ. ಅವರು ತತ್ವವಂತರು. ನಲವತ್ತು ದಾಟಿದರೂ ಮದುವೆಯಾಗಿಲ್ಲ, ಯಾಕೆಂದು ಯಾರಾದರೂ ಕೇಳಿದರೆ "ಪುರುಸೊತ್ತಾಗ್ಲಿಲ್ಲ" ಎನ್ನುತ್ತಾರೆ. ಒಮ್ಮೆ ಸಾವಿನ ಮನೆಗೆಂದು ಹೊರಟು, ಪಕ್ಕದ ಮದುವೆ ಮನೆಗೆ ನುಗ್ಗಿ, ಮದುಮಗನ ಕೈ ಹಿಡಿದು "ದೇವರ ಇಚ್ಛೆ, ಸಮಾಧಾನ ಮಾಡ್ಕೊಳ್ಳಿ" ಎಂದು ಕಣ್ಣೀರಿಟ್ಟು ಬಂದಿದ್ದರು. ಇಂಥವರನ್ನು ಹೆಡ್ ಮಾಸ್ಟರ್ ಮಾಡಿದವರು ಯಾರು ಎಂದು ಕೇಳಬೇಡಿ. ಪಟ್ಟಣದಲ್ಲಿ ಮೀಟಿಂಗು ಇದ್ದಾಗ ಹೋಗಿ ಬರಲು ಬೈಕು ಇದ್ದದ್ದು ಅವರೊಬ್ಬರಿಗೇ.

ಇಡೀ ರಾಮಾಯಣ ಶುರುವಾದದ್ದು ಒಂದು ಭಾನುವಾರ, ಚರ್ಚಿನಲ್ಲಿ ಪೂಜೆಯ ಕೊನೆಗೆ ಪ್ರಕಟಣೆ ಓದುವ ಹೊತ್ತಿನಲ್ಲಿ. ಪಾಕ್ ಗೌದೆನ್ಸ್ ಎದ್ದು ಮೈಕಿನ ಮುಂದೆ ನಿಂತು, ಫಲಿತಾಂಶ ಶನಿವಾರ ಎಂದರು. ಅಷ್ಟಕ್ಕೇ ಇಳಿದು ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮೈಕು ಕೈಗೆ ಸಿಕ್ಕ ಮೇಷ್ಟರು ಅಷ್ಟು ಸುಲಭಕ್ಕೆ ಇಳಿಯುವುದುಂಟೇ? "ಅವತ್ತು ಆರನೇ ಕ್ಲಾಸಿನ ಮಕ್ಕಳ ಬೀಳ್ಕೊಡುಗೆ ಊಟ. ಈ ಸಲ ಹಂದಿ! ಜವಾಬ್ದಾರಿ ನನ್ನದು!" ಎಂದುಬಿಟ್ಟರು. ಪ್ರವಚನಕ್ಕೆ ತೂಕಡಿಸುತ್ತಿದ್ದ ಗಂಡಸರೆಲ್ಲ ನೆಟ್ಟಗೆ ಕೂತರು.

ಈ ಹಂದಿಯ ಮಾತಿನ ಹಿಂದೆ ಒಂದು ಹಳೇ ಗಾಯವಿತ್ತು. ಕಳೆದ ವರ್ಷ ಇದೇ ಊಟಕ್ಕೆ ಅವರು ಪ್ಯಾಕೆಟ್ ನೂಡಲ್ಸು ಬೇಯಿಸಿ ಹಾಕಿಸಿದ್ದರು. ನಮ್ಮ ಬೆಟ್ಟದ ಜನ ಜ್ವಾಲಾಮುಖಿ ಉಗುಳಿದ ಬೂದಿಯನ್ನು ಮರೆತಿದ್ದಾರೆ, ಎರಡೆರಡು ಭೂಕಂಪ ಮರೆತಿದ್ದಾರೆ, ಆ ನೂಡಲ್ಸನ್ನು ಮಾತ್ರ ಮರೆಯಲಿಲ್ಲ. ಆ ಜುಲೈಯಲ್ಲೇ ಎಷ್ಟೋ ಮನೆಯವರು ಮಕ್ಕಳನ್ನು ಕೆಳಗಿನ ರಸ್ತೆ ಬದಿಯ ಸರ್ಕಾರಿ ಶಾಲೆಗೆ ಹಾಕಿದರು. ಈ ವರ್ಷವೂ ಹಾಗೇ ಇಳಿದು ಹೋದರೆ ಒಂದನೇ ಕ್ಲಾಸೇ ಇರುವುದಿಲ್ಲ, ಒಂದನೇ ಕ್ಲಾಸಿಲ್ಲದ ಶಾಲೆಗೆ ಬೀಗವೇ ಗತಿ ಎಂದು ಹೊಸದಾಗಿ ಬಂದ ಪಾದ್ರಿ ಪಾತೆರ್ ಕೊಸ್ಮಾಸ್ ಖಡಾಖಂಡಿತ ಹೇಳಿದ್ದರು. ಹೊಸ ವರ್ಷದ ದಾಖಲಾತಿ ಸೋಮವಾರ, ಹಂದಿ ಶನಿವಾರ. ಕಥೋಲಿಕ್ ವಿದ್ಯಾಭ್ಯಾಸದ ಭವಿಷ್ಯ ಇವೆರಡರ ನಡುವೆ ನೇತಾಡುತ್ತಿತ್ತು.

ಈಗ ಹಂದಿ ಎಲ್ಲಿಂದ ತರುವುದು? ಶಾಲೆಯ ಹತ್ತಿರ ಇದ್ದದ್ದು ಒಂದು ಮೇಕೆ. ಯಾರೋ ಫೀಸಿನ ಬದಲು ಕಟ್ಟಿ ಹೋಗಿದ್ದರು. ಪಕ್ಕೆಲುಬು ಎಣಿಸಬಹುದಾದಂಥ ಮೇಕೆ. ತಿನ್ನುವುದಕ್ಕೇನೂ ಕಡಿಮೆಯಿರಲಿಲ್ಲ, ಗೋಡೆಯ ಭೂಪಟದಲ್ಲಿ ಸುಮಾತ್ರಾ ದ್ವೀಪವನ್ನು ಪೂರ್ತಿ ತಿಂದು ಜಾವಾಕ್ಕೆ ಬಾಯಿ ಹಾಕಿತ್ತು.

"ಇಬು ಲೋನಿ, ಒಂದು ಉಪಾಯ ಹೊಳೀತು," ಎಂದರು ಪಾಕ್ ಗೌದೆನ್ಸ್, ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು. "ಮೊವಾನ್ ಸೆವೆರಿನುಸ್ ಮನೇಲಿ ಹಂದಿ ಇದೆಯಲ್ಲ, ಆ ಕೊಬ್ಬಿದ್ದು? ಈ ಮೇಕೆ ಕೊಟ್ಟು ಅದನ್ನ ತರ್ತೀನಿ."

"ಈ ಮೇಕೆಗೆ ಹಂದಿ ಇರ್ಲಿ, ಹಂದಿ ಬಾಲನೂ ಬರಲ್ಲ ಪಾಕ್."

"ವ್ಯಾಪಾರ ಅನ್ನೋದು ನಿಮಗೆ ಗೊತ್ತಿಲ್ಲ. ಬಾಯಿ ಇರ್ಬೇಕು."

"ಬಾಯಿ ಬೇಡ ಪಾಕ್, ತಲೆ ಇರ್ಲಿ. ನೀವು ಮದುವೆ ಇಲ್ದೋರು, ಆ ಮನೇಲಿ ಮದುವೆಗಿರೋ..."

"ಇದು ಶಾಲೆ ವಿಷಯ ಇಬು! ಶಾಲೆ ಮೇಕೆ, ಶಾಲೆ ಹಂದಿ! ಮದುವೆ ಆದ್ರೇನು ಆಗ್ದಿದ್ರೇನು?"

ನಾನು ಬಾಯಿ ಮುಚ್ಚಿಕೊಂಡು ಅಂಕ ಕೂಡಿಸಿದೆ. ಹೇಳಲು ಹೊರಟೆ ಎಂಬುದಕ್ಕೆ ಸಂತ ಮಥಿಯಾಸನೇ ಸಾಕ್ಷಿ, ಅವನ ಪ್ರತಿಮೆ ನನ್ನ ಬೆನ್ನ ಹಿಂದೆಯೇ ಇದೆ.

ನಾನು ಹೇಳಲು ಹೊರಟದ್ದು ಇಷ್ಟೇ. ನಮ್ಮ ಫ್ಲೋರೆಸ್ ದ್ವೀಪದ ಈ ಬೆಟ್ಟಗಳಲ್ಲಿ ಪ್ರಾಣಿಗಳಿಗೂ ದಾರಿ ಗೊತ್ತು. ಗಂಡಿನ ಮನೆಯಿಂದ ಹೆಣ್ಣಿನ ಮನೆಗೆ ಕುದುರೆ ಹೋಗುತ್ತದೆ, ಮೇಕೆ ಹೋಗುತ್ತದೆ, ದೊಡ್ಡ ಮನೆತನವಾದರೆ ಆನೆಯ ದಂತ ಹೋಗುತ್ತದೆ. ಹೆಣ್ಣಿನ ಮನೆಯಿಂದ ಗಂಡಿನ ಮನೆಗೆ ಹಂದಿ ಬರುತ್ತದೆ, ಅಕ್ಕಿ ಬರುತ್ತದೆ, ಕೈಯಲ್ಲಿ ನೇಯ್ದ ಬಟ್ಟೆ ಬರುತ್ತದೆ. ಮದುವೆಯಾಗದ ಗಂಡಸು ತಾನೇ ಹಗ್ಗ ಹಿಡಿದು ಮೇಕೆಯನ್ನು ಹೆಣ್ಣಿರುವ ಮನೆಯ ಅಂಗಳಕ್ಕೆ ತಂದು ಕಟ್ಟಿದ ಎಂದರೆ ಮಾತೇ ಬೇಕಿಲ್ಲ. ಊರಿನ ಹಿರಿಯರೆಂದು ನಾವೆಲ್ಲ ಮೊವಾನ್ ಎನ್ನುವ ಸೆವೆರಿನುಸರ ಮನೆಯಲ್ಲಿ ಹೆಣ್ಣಿತ್ತು. ಅವರ ಕೊನೆಯ ತಂಗಿ ನೋನಾ ರೋಫಿನಾ, ಊರಿನಲ್ಲೇ ಎತ್ತಿದ ಕೈ ಅನ್ನಿಸಿಕೊಂಡ ನೇಕಾರ್ತಿ, ಮೂವತ್ತೆಂಟಾದರೂ ಮದುವೆಯಾಗಿರಲಿಲ್ಲ. ಇದೆಲ್ಲ ಪಾಕ್ ಗೌದೆನ್ಸರಿಗೆ ಗೊತ್ತಿರಲಿಲ್ಲವೇ ಎಂದರೆ, ಐದನೇ ಕ್ಲಾಸಿಗೆ 'ನಮ್ಮ ನಾಡಿನ ಪದ್ಧತಿಗಳು' ಪಾಠ ಮಾಡುವವರೇ ಅವರು. ಪಾಠ ಬೇರೆ, ಮೇಕೆ ಬೇರೆ ಎಂದುಕೊಂಡಿದ್ದರೋ ಏನೋ.

ಸಂಜೆ ಅವರು ಹೊರಟ ಚಂದ ನೋಡಬೇಕಿತ್ತು. ಹಿರಿಯರ ಮನೆಗೆ ಹೋಗುವುದೆಂದು ಬಿಳಿ ಅಂಗಿ ಹಾಕಿ, ಹಬ್ಬದ ಲುಂಗಿ ಉಟ್ಟು, ತಲೆಗೆ ಕೊಬ್ಬರಿ ಎಣ್ಣೆ ಮೆತ್ತಿಕೊಂಡಿದ್ದರು. ಜೊತೆಗೆ ಮಾತಾಡಲೆಂದು ಪೋಷಕರ ಸಮಿತಿಯ ಅಧ್ಯಕ್ಷ ಪಾಕ್ ರಾಯ್ಮುಂದುಸ್ ಬೇರೆ. ಮದುವೆ ಕೇಳಲು ಹೋಗುವವರೂ ಜೊತೆಗೆ ಒಬ್ಬ ಮಾತುಗಾರನನ್ನು ಕರೆದೊಯ್ಯುತ್ತಾರೆ. ಪಾಕ್ ರಾಯ್ಮುಂದುಸ್ ಯಾಕೆ ಬಂದರೆಂದರೆ, ಮೊವಾನ್ ಸೆವೆರಿನುಸರ ಮನೆಯ ತಾಳೆ ಸಾರಾಯಿಗೆ ನಮ್ಮ ಕಡೆಯೆಲ್ಲ ಹೆಸರಿತ್ತು.

ಅಲ್ಲಿ ನಡೆದದ್ದನ್ನು ಮಾರನೆಯ ಬೆಳಿಗ್ಗೆ ನಲ್ಲಿಯ ಹತ್ತಿರ ನನಗೆ ಹೇಳಿದವರು ಮೊವಾನ್ ಸೆವೆರಿನುಸರ ಹೆಂಡತಿ ಬೆನಿಗ್ನಾ. ನನಗೆ ಎಂದರೆ ನನಗೊಬ್ಬಳಿಗೇ ಅಲ್ಲ, ನಲ್ಲಿಗೆ ಕೊಡ ಹಿಡಿದು ಬಂದ ಎಲ್ಲರಿಗೂ, ಪ್ರತಿಯೊಬ್ಬರಿಗೂ ಮೊದಲಿನಿಂದ.

"ಮೇಕೆ ನೋಡಿ ನಮ್ಮ ಮನೆಯವರು ಕಲ್ಲಾಗೋದ್ರು ಇಬು. 'ಇದು ಯಾರಿಗೆ?' ಅಂದ್ರು. 'ನಿಮ್ಮನೆಗೇ ಮೊವಾನ್' ಅಂದ್ರು ಹೆಡ್ ಮಾಸ್ಟ್ರು. 'ಚೆನ್ನಾಗಿ ಯೋಚನೆ ಮಾಡಿದ್ದೀರಾ?' ಅಂದ್ರೆ, 'ಮಾಡಿದ್ದೀನಿ, ಅವಸರ ಇದೆ, ಶನಿವಾರದೊಳಗೆ ಆಗ್ಬೇಕು, ಪಾತೆರೂ ಬರ್ತಾರೆ, ಊರೆಲ್ಲ ಊಟಕ್ಕೆ ಬರುತ್ತೆ' ಅಂತಾರೆ! ಇಷ್ಟು ವರ್ಷ ಕುಂಭಕರ್ಣನ ಹಾಗೆ ಮಲಗಿದ್ದು, ಈಗ ಶನಿವಾರವಂತೆ! ಹೋಗ್ಲಿ ಬಿಡಿ, ಗಂಡಸರಿಗೆ ಬುದ್ಧಿ ಬರೋದೇ ತಡ, ಬಂದ್ಮೇಲೆ ತಡಿಯೋಕಾಗಲ್ಲ."

"ಹಂದಿ ಕೇಳಲಿಲ್ವಾ?" ಎಂದೆ ನಾನು.

"ಕೇಳಿದ್ರು! ಸ್ವಲ್ಪನೂ ನಾಚಿಕೆ ಇಲ್ಲ. 'ಹಂದಿ ಕೊಡ್ತೀರಲ್ಲ ಮೊವಾನ್?' ಅಂತ ನೇರವಾಗಿ. ನಮ್ಮೋರಿಗೆ ಸಿಟ್ಟೇ ಬಂತು. 'ಮೇಕೆ ಬಂದ್ಮೇಲೆ ಹಂದಿ ಬಂದೇ ಬರುತ್ತೆ, ನಾವೇನು ಪದ್ಧತಿ ಗೊತ್ತಿಲ್ದೋರಾ?' ಅಂದ್ರು."

"ಪಾಕ್ ರಾಯ್ಮುಂದುಸ್ ಏನೂ ಹೇಳಲಿಲ್ವಾ?"

"ಎಲ್ಲಿ ಹೇಳ್ತಾರೆ, ಬಾಯಿಂದ ಲೋಟ ಇಳಿಸಿದ್ರೆ ತಾನೆ?"

ಪಾಕ್ ಗೌದೆನ್ಸ್ ಮಾತ್ರ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. "ಒಂದೇ ಮಾತಿಗೆ ಇಬು! ಒಂದು ಬಡಕಲು ಮೇಕೆಗೆ ಒಂದು ಹಂದಿ! ಚೌಕಾಸಿನೇ ಇಲ್ಲ! ಬಾಯಿ ಇರ್ಬೇಕು ಅಂದಿದ್ನಲ್ಲ?" ಎಂದರು. ನಾನು "ಪಾಕ್, ಆ ಹಂದಿ ಯಾಕೆ ಬರ್ತಿದೆ ಅಂದ್ರೆ..." ಎನ್ನುವಷ್ಟರಲ್ಲಿ, "ಯಾಕೆ ಅಂದ್ರೆ ನಾನು ಕೇಳಿದ ರೀತಿ ಹಾಗಿತ್ತು!" ಎಂದು ಬೈಕು ಹತ್ತಿ, ಅಡುಗೆ ಎಣ್ಣೆ ತರಲು ಪಟ್ಟಣಕ್ಕೆ ಇಳಿದು ಹೋದರು.

ದಾರಿಯುದ್ದಕ್ಕೂ ಜನ ಅವರನ್ನು ತಡೆದು ಕೈ ಕುಲುಕಿದರು. ರಸ್ತೆಯ ಮೇಲೆ ಕೋಕೋ ಬೀಜ ಒಣಗಿಸುತ್ತಿದ್ದ ಮುದುಕಿಯರು ಬೀಜದ ಮೇಲೆ ಬೈಕು ಹಾಯಿಸಿದರೂ ಬೈಯದೆ ಆಶೀರ್ವಾದ ಮಾಡಿದರು. ಆಗಲಾದರೂ ಅನುಮಾನ ಬರಬೇಡವೇ? ಇಲ್ಲ. ತಮ್ಮ ವ್ಯಾಪಾರದ ಜಾಣತನ ಇಷ್ಟು ಬೇಗ ಊರು ಮುಟ್ಟಿತೆಂದು ಎದೆ ಉಬ್ಬಿಸಿಕೊಂಡೇ ಹೋದರು.

ಚರ್ಚಿನ ಮುಂದೆ ಪಾತೆರ್ ಕೊಸ್ಮಾಸ್ ಸಿಕ್ಕರು. ನಾನು ಮೇಣದಬತ್ತಿ ಕೇಳಲು ಅಲ್ಲೇ ನಿಂತಿದ್ದೆ, ಆದ್ದರಿಂದ ಇದು ಕಣ್ಣಾರೆ ಕಂಡದ್ದು.

"ಕೊನೆಗೂ ಮನಸ್ಸು ಮಾಡಿದ್ರಲ್ಲ ಪಾಕ್. ಭಾಳ ಸಂತೋಷ ಆಯ್ತು."

"ಮಾಡ್ಲೇಬೇಕಾಯ್ತು ಪಾತೆರ್. ಹೋದ ವರ್ಷದ ಅವಮಾನ ಇನ್ನೂ ಮರ್ತಿಲ್ಲ."

"ಓ, ಹೋದ ವರ್ಷನೂ ಪ್ರಯತ್ನ ಪಟ್ಟಿದ್ರಾ?"

"ಪಟ್ಟಿದ್ದೆ. ನೂಡಲ್ಸ್ ಆಗೋಯ್ತು."

ಪಾತೆರ್ ಊರಿಗೆ ಹೊಸಬರು. ಇಲ್ಲಿನ ಜನ ಮುರಿದುಬಿದ್ದ ಸಂಬಂಧಕ್ಕೆ ಹಾಗೆನ್ನುತ್ತಾರೆ ಎಂದುಕೊಂಡು ಮರುಕದಿಂದ ತಲೆಯಾಡಿಸಿದರು. "ಹೋಗ್ಲಿ ಬಿಡಿ. ಈಗ ಒಳ್ಳೇ ಮನಸ್ಸಿಂದ ಮಾಡ್ತಿದ್ದೀರಿ ತಾನೆ?"

"ಮಕ್ಕಳಿಗೋಸ್ಕರ ಪಾತೆರ್. ಮತ್ಯಾರಿಗೋಸ್ಕರ?"

"ಸರಿಯಾಗಿ ಹೇಳಿದ್ರಿ! ಧರ್ಮಸಭೆ ಹೇಳೋದೂ ಅದನ್ನೇ!"

ನಾನು ಮೇಣದಬತ್ತಿ ಮರೆತು ಮನೆಗೆ ಹೋದೆ.

ಶುಕ್ರವಾರ ಮಕ್ಕಳಿಗೆ ಆಟೋಟ. ಐದನೇ ಕ್ಲಾಸು ಗೋಣಿಚೀಲದಲ್ಲಿ ಕಾಲಿಟ್ಟು ಕುಪ್ಪಳಿಸುತ್ತಿದ್ದಾಗ ಗೇಟಿನ ಹತ್ತಿರ ಗದ್ದಲವಾಯಿತು. ಮುಂದೆ ನಾಲ್ವರು ಗಂಡಸರು ಬಿದಿರಿಗೆ ಕಟ್ಟಿದ ಹಂದಿಯನ್ನು ಹೆಗಲ ಮೇಲೆ ಹೊತ್ತಿದ್ದರು. ಅದರ ಅರಚಾಟಕ್ಕೆ ಒಂದನೇ ಕ್ಲಾಸಿನ ಮಕ್ಕಳು ಕಿವಿ ಮುಚ್ಚಿಕೊಂಡರು. ಹಿಂದೆ ಸೆವೆರಿನುಸರ ಬಳಗದ ಹೆಂಗಸರು ಸಾಲಾಗಿ ತಲೆಯ ಮೇಲೆ ಅಕ್ಕಿಯ ಬುಟ್ಟಿ, ತೆಂಗಿನಕಾಯಿ, ಬಾಳೆಗೊನೆ ಹೊತ್ತು ಬರುತ್ತಿದ್ದರು. ಹೆಂಗಸರ ಸಾಲಿನ ಮುಂದೆ ಬೆನಿಗ್ನಾ, ಎರಡೂ ಕೈಯಲ್ಲಿ ಮಡಿಸಿದ ನೇಯ್ಗೆಯ ಬಟ್ಟೆ ಹಿಡಿದು, ಚರ್ಚಿನಲ್ಲಿ ಕಾಣಿಕೆ ಒಯ್ಯುವವರ ಗತ್ತಿನಲ್ಲಿ ಬಂದರು. ಕೆಂಪು ಕಪ್ಪು ನೂಲಿನ ಆ ಬಟ್ಟೆ ರೋಫಿನಾ ಕೈಯದೆಂದು ನೋಡಿದರೇ ಗೊತ್ತಾಗುತ್ತಿತ್ತು.

"ಅಯ್ಯೋ, ಅಕ್ಕಿ ಬೇರೆ! ಬಟ್ಟೆ ಬೇರೆ!" ಎಂದರು ಪಾಕ್ ಗೌದೆನ್ಸ್ ನನ್ನ ಕಿವಿಯಲ್ಲಿ. "ಜನ ಎಷ್ಟು ಒಳ್ಳೇರು ನೋಡಿ ಇಬು. ಒಂದು ಮೇಕೆಗೆ!"

ಬೆನಿಗ್ನಾ ಬಟ್ಟೆಯನ್ನು ಅವರ ಹೆಗಲ ಮೇಲೆ ಹೊದಿಸಿದರು. ಹೆಂಗಸರು ಹೋ ಎಂದು ಕೂಗಿದರು. ಇನ್ನು ಇವರು ಸುಮ್ಮನಿರುತ್ತಾರೆಯೇ? ಮೆಟ್ಟಿಲು ಹತ್ತಿ ಭಾಷಣಕ್ಕೆ ನಿಂತರು.

"ಬಂಧುಗಳೇ! ನಿಮ್ಮ ಪ್ರೀತಿಗೆ ನಾನು ಚಿರಋಣಿ. ಆದರೆ ಈ ಪದ್ಧತಿ ಈ ವರ್ಷಕ್ಕೇ ನಿಲ್ಲಬಾರದು! ಇನ್ನು ಮುಂದೆ ಪ್ರತಿ ಜೂನ್ ತಿಂಗಳಲ್ಲೂ ನಾನೇ ಸ್ವತಃ ಒಂದೊಂದು ಮನೆಗೆ ಮೇಕೆ ಹಿಡ್ಕೊಂಡು ಹೋಗ್ತೀನಿ!"

ಆಟ ನೋಡಲು ಬಂದಿದ್ದ ಪಾತೆರ್ ಕೊಸ್ಮಾಸರಿಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೆ ಹತ್ತಿತು. ಹೆಣ್ಣುಮಕ್ಕಳಿದ್ದ ಒಬ್ಬಿಬ್ಬರು ತಂದೆಯರು ಹೆಂಡತಿಯ ಮುಖ ನೋಡಿದರು.

"ಪ್ರತಿ ವರ್ಷ?" ಎಂದರು ಬೆನಿಗ್ನಾ. "ಒಂದೊಂದು ಮನೆಗೆ?"

"ಒಂದೇ ಮನೆಗೆ ಭಾರ ಆಗಬಾರದಲ್ಲ?"

"ಏನ್ರೀ ಹೆಡ್ ಮಾಸ್ಟ್ರೇ, ತಲೆ ನೆಟ್ಟಗಿದೆಯಾ? ನಮ್ಮ ಹುಡುಗಿನ ಮದುವೆ ಆಗೋಕೆ ಮೊದ್ಲೇ ಮುಂದಿನ ವರ್ಷದ ಹೆಣ್ಣು ಹುಡುಕ್ತಿದ್ದೀರಾ?"

"ಯಾರ ಮದುವೆ?" ಎಂದರು ಪಾಕ್ ಗೌದೆನ್ಸ್.

ಆ ಎರಡು ಪದ ಬಿದ್ದದ್ದೇ ತಡ, ಬೆನಿಗ್ನಾ ಹಂದಿಗಿಂತ ಜೋರಾಗಿ ಅರಚಿದರು. ಪಾಕ್ ಗೌದೆನ್ಸ್ ಹೆಗಲ ಮೇಲಿನ ಬಟ್ಟೆಯನ್ನು ನೋಡಿದರು, ಹಂದಿಯನ್ನು ನೋಡಿದರು, ಅಕ್ಕಿಯ ಬುಟ್ಟಿಗಳನ್ನು ನೋಡಿದರು. ಐದನೇ ಕ್ಲಾಸಿನ ಪಾಠ ಅವರ ತಲೆಗೆ ಆಗ ಹತ್ತಿತು. ಒಳಗೆ ಓಡಿಹೋಗಿ ಸ್ಟಾಫ್ ರೂಮಿನ ಅಗುಳಿ ಹಾಕಿಕೊಂಡರು.

ನಾವು ಕಿಟಕಿಯಿಂದ ಒಳಗೆ ಹೋಗಿ ತುರ್ತು ಸಭೆ ಸೇರಿದೆವು: ಪಾತೆರ್, ಪಾಕ್ ರಾಯ್ಮುಂದುಸ್, ನಾನು, ಮೇಜಿನ ಕೆಳಗೆ ಪಾಕ್ ಗೌದೆನ್ಸ್. ಹೊರಗೆ ಮೊವಾನ್ ಸೆವೆರಿನುಸ್ ಕಳಿಸಿದ ಮಾತು ಆಗಲೇ ಬಂದಿತ್ತು. ನಾಳೆ ಬೆಳಿಗ್ಗೆ ಊಟಕ್ಕೆ ಮುಂಚೆ ಇದೇ ಶಾಲೆಯಲ್ಲಿ ಎರಡೂ ಕಡೆಯವರು ಕೂರಬೇಕು. ಹೆಡ್ ಮಾಸ್ಟರ್ ಹೌದು ಎಂದರೆ ಹೌದು. ಇಲ್ಲ ಎಂದರೆ ಹಂದಿ ವಾಪಸ್ಸು, ತಮ್ಮ ಬಳಗದ ಮಕ್ಕಳೆಲ್ಲ ಸೋಮವಾರ ಸರ್ಕಾರಿ ಶಾಲೆಗೆ. ಅವರ ಬಳಗ ಎಂದರೆ ನಮ್ಮ ಶಾಲೆಯ ಅರ್ಧ.

"ಮದುವೆ ಆಗ್ಬಿಡಿ ಪಾಕ್," ಎಂದರು ಪಾಕ್ ರಾಯ್ಮುಂದುಸ್. "ಒಂದು ಸಲ ಹೊರಗೆ ಹೋಗಿ ಆ ಹಂದಿ ನೋಡಿ, ಆಮೇಲೆ ಹೇಳಿ. ಬೆನ್ನ ಮೇಲೆ ಇಷ್ಟು ದಪ್ಪ ಕೊಬ್ಬು!"

"ಹಂದಿ ನೋಡಿ ಯಾರಾದ್ರೂ ಮದುವೆ ಆಗ್ತಾರೇನ್ರೀ?" ಎಂದಿತು ಮೇಜಿನ ಕೆಳಗಿನ ಧ್ವನಿ.

"ನಾನು ಆಗಿಲ್ವಾ?"

ಪಾತೆರ್ ಗಂಟಲು ಸರಿಮಾಡಿಕೊಂಡು, "ಬಲವಂತದ ವಿವಾಹ ಪವಿತ್ರ ಸಂಸ್ಕಾರ ಅನ್ನಿಸ್ಕೊಳ್ಳಲ್ಲ," ಎಂದು ಶಾಸ್ತ್ರ ಹೇಳಿ, ಕಿಟಕಿಯಾಚೆ ಒಮ್ಮೆ ಇಣುಕಿ, "ಆದ್ರೂ ಪ್ರಾರ್ಥನೆ ಮಾಡಿ ನೋಡಿ. ಒಂದನೇ ಕ್ಲಾಸನ್ನು ಮನಸ್ಸಿನಲ್ಲಿಟ್ಟು ಪ್ರಾರ್ಥನೆ ಮಾಡಿ," ಎಂದರು.

"ನೋನಾ ರೋಫಿನಾಗೆ ಏನು ಕಡಿಮೆ?" ಎಂದೆ ನಾನು. ನನಗೆ ನಿಜವಾಗಿ ರೇಗಿತ್ತು. ಆ ವಾರವೆಲ್ಲ ಆ ಹೆಂಗಸು ನಲ್ಲಿಗೆ ಬರುವಾಗ ತಲೆ ಬಾಚಿ ಹೂ ಮುಡಿದು ಬರುತ್ತಿದ್ದುದನ್ನು ನಾನು ನೋಡಿದ್ದೆ.

"ಕಡಿಮೆ ಅಂತ ಯಾರಂದ್ರು? ನಾನು ಸರಿಯಾಗಿ ನೋಡೇ ಇಲ್ಲ ಇಬು," ಎಂದರು ಪಾಕ್ ಗೌದೆನ್ಸ್. "ನಾಳೆ ಎಲ್ಲರ ಮುಂದೆ ನಿಂತು ತಪ್ಪಾಯ್ತು, ಮೇಕೆ ಶಾಲೇದು, ಮದುವೆ ಮಾತೇ ಇರಲಿಲ್ಲ ಅಂತ ಹೇಳ್ತೀನಿ. ಶಾಲೆ ಮುಚ್ಚಿದ್ರೆ ಮುಚ್ಚಲಿ." ಆ ಶಾಲೆ ಬಿಟ್ಟರೆ ಆ ಮನುಷ್ಯನಿಗೆ ಬೇರೆ ಮನೆ ಮಠ ಇರಲಿಲ್ಲ, ಅದು ನಮಗೆಲ್ಲರಿಗೂ ಗೊತ್ತಿತ್ತು. ಪಾಕ್ ರಾಯ್ಮುಂದುಸ್ ಕಿಟಕಿಯಿಂದ ಹಂದಿಯನ್ನು ನೋಡಿ ನಿಟ್ಟುಸಿರು ಬಿಟ್ಟರು.

ಶನಿವಾರ ಬೆಳಿಗ್ಗೆ ಆರನೇ ಕ್ಲಾಸಿನ ಕೋಣೆಯಲ್ಲಿ ಎರಡೂ ಪಕ್ಷದವರು ಕೂತರು. ದೊಡ್ಡ ದೊಡ್ಡ ಹಿರಿಯರು ಮಕ್ಕಳ ಪುಟಾಣಿ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಗಂಭೀರವಾಗಿದ್ದರು. ಎಲೆ ಅಡಿಕೆ ಸುತ್ತು ಬಂತು. ಫಲಿತಾಂಶ ಕೇಳಲು ಬಂದ ಊರವರೆಲ್ಲ ಕಿಟಕಿಗಳಿಗೆ ಜೋತುಬಿದ್ದಿದ್ದರು. ಇದರ ಮುಂದೆ ಫಲಿತಾಂಶ ಯಾವ ಲೆಕ್ಕ? ಹಿತ್ತಿಲಲ್ಲಿ ಹಂದಿ ತನ್ನ ತೀರ್ಪಿಗೆ ಕಾಯುತ್ತಿತ್ತು.

ಮೊವಾನ್ ಸೆವೆರಿನುಸ್ ಎಲೆ ಉಗಿದು, "ಹೇಳಿ ಹೆಡ್ ಮಾಸ್ಟ್ರೇ," ಎಂದರು.

ಪಾಕ್ ಗೌದೆನ್ಸ್ ಎದ್ದರು. "ಮೊವಾನ್... ಆ ಮೇಕೆ... ಅಂದ್ರೆ ಮೇಕೆ ಅನ್ನೋದು..." ಎಂದು ಮೇಕೆಯ ಸುತ್ತಲೇ ಸುತ್ತತೊಡಗಿದರು.

ಆಗ ಬಾಗಿಲಲ್ಲಿ ಜನ ಸರಿದರು. ರೋಫಿನಾ ಒಳಗೆ ಬಂದಳು. ಅಂಥ ಸಭೆಗೆ ಹೆಣ್ಣು ಬರುವ ವಾಡಿಕೆ ನಮ್ಮಲ್ಲಿಲ್ಲ. ಕೆಲಸದ ಬಟ್ಟೆಯಲ್ಲೇ ಬಂದಿದ್ದಳು, ಬೆರಳಲ್ಲಿ ನೀಲಿ ಬಣ್ಣದ ಕಲೆ ಹಾಗೇ ಇತ್ತು.

"ಅಣ್ಣಾ, ನನ್ನ ಮದುವೆ ಮಾತು ನಡೀತಿದೆಯಂತೆ. ನನ್ನೂ ಒಂದು ಮಾತು ಕೇಳ್ತೀರೋ, ಇಲ್ಲಾ ಹಂದಿನೇ ಕೇಳಿ ಮುಗಿಸ್ತೀರೋ?"

"ನೀನು ಒಳಗೆ ಹೋಗಮ್ಮಾ," ಎಂದರು ಮೊವಾನ್.

"ಒಳಗೆ ಅಂದ್ರೆ ಎಲ್ಲಿಗೆ ಹೋಗ್ಲಿ? ಇದು ಆರನೇ ಕ್ಲಾಸು." ಅವಳು ಕಪ್ಪು ಹಲಗೆಯ ಮುಂದೆ ಬಂದು ನಿಂತಳು. "ಇವರು ಮೇಕೆ ಹಿಡ್ಕೊಂಡು ಬಂದ ದಿನ ನಾನು ಅಂಗಳದಲ್ಲಿ ಮಗ್ಗದ ಮುಂದೆ ಕೂತಿದ್ದೆ. ನೇರವಾಗಿ ನನ್ನ ಹತ್ರಾನೇ ಬಂದ್ರು. ಎದೆ ಡವಡವ ಅಂತು, ಸುಳ್ಳು ಯಾಕೆ ಹೇಳ್ಲಿ. ಬಂದು ಏನಂದ್ರು ಗೊತ್ತಾ? 'ನೋನಾ, ಒಂಚೂರು ಆ ಕಡೆ ಸರೀರಿ, ಹಂದಿ ಕಾಣ್ತಿಲ್ಲ' ಅಂದ್ರು."

ಕಿಟಕಿಗಳು ಗೊಳ್ಳೆಂದು ನಕ್ಕವು.

"ನಗಬೇಡಿ!" ಎಂದಳು ರೋಫಿನಾ. ನಗು ನಿಂತಿತು. "ಇವರಿಗೆ ಬೇಕಾದ್ದು ಹಂದಿ ಅಂತ ನನಗೆ ಅವತ್ತೇ ಗೊತ್ತಾಯ್ತು. ಆದ್ರೂ ಸುಮ್ನಿದ್ದೆ. ಅತ್ತಿಗೆ ತಲೆಗೆ ಎಣ್ಣೆ ಹಚ್ಚಿದ್ಲು, ಹಚ್ಚಿಸ್ಕೊಂಡೆ. ನೇಯ್ದ ಬಟ್ಟೆ ಕೇಳಿದ್ಲು, ಕೊಟ್ಟೆ. ನನಗೂ ಆಸೆ ಅನ್ನೋದು ಇರುತ್ತೆ. ಒಂದು ವಾರ ಇತ್ತು, ಈಗ ಮುಗೀತು. ಆ ಹಂದಿ ದಿನಾ ಎರಡು ಹೊತ್ತು ಗೆಣಸು ಬೇಯಿಸಿ ಹಾಕಿ ನಾನು ಸಾಕಿದ್ದು, ಅದು ಅಣ್ಣಂದೂ ಅಲ್ಲ, ಅತ್ತಿಗೆದೂ ಅಲ್ಲ. ಅದನ್ನ ಆರನೇ ಕ್ಲಾಸಿನ ಮಕ್ಕಳ ಊಟಕ್ಕೆ ಕೊಟ್ಟಿದ್ದೀನಿ. ನಮ್ಮನೆ ಮಕ್ಕಳು ಎಲ್ಲೂ ಹೋಗಲ್ಲ, ಇದೇ ಶಾಲೆಗೆ ಬರ್ತಾರೆ. ಮೇಕೆ ವಾಪಸ್ ತಗೊಳ್ಳಿ. ಈ ಮನುಷ್ಯ ನನಗೆ ಬೇಡ."

ಮೊವಾನ್ ಸೆವೆರಿನುಸ್ ತಂಗಿಯ ಮುಖ ನೋಡಿ ತಲೆ ತಗ್ಗಿಸಿದರು. ಪಾತೆರ್ ಶಿಲುಬೆಯ ಗುರುತು ಹಾಕಿಕೊಂಡರು. ಪಾಕ್ ರಾಯ್ಮುಂದುಸ್ ಆಗಲೇ ಕಿಟಕಿಯಾಚೆಯ ಹುಡುಗರಿಗೆ ಒಲೆ ಹಚ್ಚಲು ಕೈಸನ್ನೆ ಮಾಡಿದರು. ಹಂದಿ ಸಿಕ್ಕಿತು, ಒಂದನೇ ಕ್ಲಾಸು ಉಳಿಯಿತು, ಹೆಡ್ ಮಾಸ್ಟರಿಗೆ ಬಿಡುಗಡೆಯಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಇನ್ನೇನು ಬೇಕು?

"ಯಾಕೆ ಬೇಡ?" ಎಂದರು ಪಾಕ್ ಗೌದೆನ್ಸ್.

ಎಲ್ಲರೂ ತಿರುಗಿ ನೋಡಿದರು. ಪಾಕ್ ರಾಯ್ಮುಂದುಸ್ ಅವರ ಅಂಗಿ ಹಿಡಿದು ಜಗ್ಗಿದರು. "ಪಾಕ್, ಬಚಾವಾದ್ರಿ, ಕೂತ್ಕೊಳ್ಳಿ!"

"ನೀವು ಸುಮ್ನಿರ್ರೀ!" ಅಂಗಿ ಕೊಡವಿಕೊಂಡರು. ಮುಖ ಕೆಂಪಗಾಗಿತ್ತು. ಅವರು ಅವಳನ್ನು ಮೊದಲ ಸಲ ನೋಡುವವರಂತೆ ನೋಡುತ್ತಿದ್ದರು, ನೋಡಿದ್ದೂ ಮೊದಲ ಸಲವೇ. "ನನ್ನಲ್ಲಿ ಏನು ಕಡಿಮೆ ನೋನಾ? ಕುಡಿಯಲ್ಲ. ಜೂಜಾಡಲ್ಲ. ಒಂದು ಭಾನುವಾರನೂ ಪೂಜೆ ತಪ್ಪಿಸಿಲ್ಲ. ಬೈಕ್ ಇದೆ!"

"ಪಾಕ್, ನಿಮ್ಮ ಕ್ಲಾಸಲ್ಲಿ ಒಬ್ಬ ಹುಡುಗ ಪರೀಕ್ಷೆಗೇ ಕೂರದೆ ಅಂಕ ಕೇಳಿದ್ರೆ ಏನ್ಮಾಡ್ತೀರಿ?"

"ಏನ್ಮಾಡೋದು? ಇನ್ನೊಂದು ವರ್ಷ ಅದೇ ಕ್ಲಾಸಲ್ಲಿ ಕೂರಿಸ್ತೀನಿ."

"ಮತ್ತೆ?" ಎಂದಳು ರೋಫಿನಾ.

ಪಾಕ್ ಗೌದೆನ್ಸ್ ನಿಧಾನವಾಗಿ ಆ ಪುಟಾಣಿ ಕುರ್ಚಿಯ ಮೇಲೆ ಕೂತುಕೊಂಡರು. ನಾನು ಆ ಶಾಲೆಯಲ್ಲಿ ಬೇಕಾದಷ್ಟು ಮಕ್ಕಳ ಮುಖ ಜೋತುಬಿದ್ದದ್ದು ನೋಡಿದ್ದೇನೆ, ಅಂಥದೊಂದು ಮುಖ ನೋಡಿಲ್ಲ. ಅಷ್ಟರಲ್ಲಿ ರೋಫಿನಾ ಬಾಗಿಲ ತನಕ ಹೋಗಿದ್ದಳು.

"ಕೂತ್ಕೊಂಡು ಏನು ಓದ್ಬೇಕು ನೋನಾ?" ಎಂದು ಕೇಳಿದರು, ಯಾರ ಭಯವೂ ಇಲ್ಲದೆ, ಇಡೀ ಊರಿನ ಮುಂದೆ.

ರೋಫಿನಾ ನಿಂತಳು. ಬೆನ್ನು ನಮ್ಮ ಕಡೆಗಿತ್ತು, ಆದರೆ ಬಾಗಿಲಾಚೆ ನಿಂತಿದ್ದ ಹೆಂಗಸರು ಅವಳ ಮುಖದಲ್ಲಿ ಅದೇನು ಕಂಡರೋ, ಒಬ್ಬರನ್ನೊಬ್ಬರು ತಿವಿದುಕೊಂಡರು.

"ಮೊದಲು ಹಂದಿ ಕಡೆ ನೋಡೋದು ಬಿಡಿ," ಎಂದು ಹೊರಟುಹೋದಳು.

ಫಲಿತಾಂಶ ಓದಿದೆವು. ಎಲ್ಲ ಮಕ್ಕಳೂ ಪಾಸು, ಆ ವರ್ಷ ಇಡೀ ಶಾಲೆಯಲ್ಲಿ ನಪಾಸಾದವರು ಹೆಡ್ ಮಾಸ್ಟರ್ ಒಬ್ಬರೇ. ಮಧ್ಯಾಹ್ನ ಊಟಕ್ಕೆ ಕೂತಾಗ ಅವರ ಎಲೆಗೆ ಸೊಂಟದ ಕಡೆಯ ಒಳ್ಳೇ ತುಂಡುಗಳನ್ನೇ ಬಡಿಸಿದ್ದರು. ಅವರು ಎಲೆಯ ಕಡೆ ತಿರುಗಿಯೂ ನೋಡದೆ, ಅಂಗಳದ ಆಚೆ ಬದಿಯಲ್ಲಿ ಆರನೇ ಕ್ಲಾಸಿನ ಮಕ್ಕಳಿಗೆ ಅನ್ನ ಬಡಿಸುತ್ತಿದ್ದ ರೋಫಿನಾಳನ್ನೇ ನೋಡುತ್ತಾ ಕೂತಿದ್ದರು. ಪಕ್ಕದಲ್ಲಿ ಕೂತ ಪಾಕ್ ರಾಯ್ಮುಂದುಸ್ ಒಂದೊಂದೇ ತುಂಡನ್ನು ತಮ್ಮ ಎಲೆಗೆ ಹಾಕಿಕೊಂಡು ಎಲ್ಲವನ್ನೂ ತಿಂದು ಮುಗಿಸಿದರು, ಆ ಮಹಾನುಭಾವರಿಗೆ ಗೊತ್ತೇ ಆಗಲಿಲ್ಲ.